ಮೂಗಿಗೆ ತಿಳಿಯದ ಅನಿಲ, ಅದನ್ನು ಹಿಡಿಯುವ ರಸಾಯನಶಾಸ್ತ್ರ

ವಿದ್ಯಾರ್ಥಿವೇತನದ ಅರ್ಜಿ ತುಂಬುವ ಮುನ್ನ ಉಯ್ಯಂಬಳ್ಳಿ ಹೋಬಳಿಯ ಮಕ್ಕಳೂ ಪೋಷಕರೂ ಇದನ್ನೊಮ್ಮೆ ಓದಬೇಕೆಂದು ಕೋರುತ್ತೇವೆ. ಪಿಯುಸಿ ವಿಜ್ಞಾನ ಮುಗಿಸಿದವರಿಗೆ ವೈದ್ಯಕೀಯ, ಇಂಜಿನಿಯರಿಂಗ್ ಎರಡೇ ದಾರಿಯಲ್ಲ.

ಚಳಿಗಾಲದಲ್ಲಿ ರೇಷ್ಮೆ ಹುಳುಮನೆ ಬೆಚ್ಚಗಿರಲೆಂದು ಬಾಗಿಲು ಕಿಟಕಿ ಮುಚ್ಚಿ ಇದ್ದಿಲು ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಆಮ್ಲಜನಕಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. ಒಳಗೆ ಮಲಗಿದವರು ಏಳದೇ ಹೋಗಬಹುದು.

ಇಂಥ ಅನಿಲವನ್ನು ಪತ್ತೆಹಚ್ಚುವುದು ಗ್ಯಾಸ್ ಸೆನ್ಸರ್. ಬಿಸಿ ಮಾಡಿದ ಸತುವಿನ ಆಕ್ಸೈಡ್ ಪದರದಿಂದ ಅನಿಲ ಗುರುತಿಸಬಹುದೆಂದು 1962ರಲ್ಲಿ ಜಪಾನಿನ ಸೆಯಾಮಾ ಮತ್ತು ಸಂಗಡಿಗರು ತೋರಿಸಿದರು. ಗಾಳಿಯ ಆಮ್ಲಜನಕ ಪದರಕ್ಕೆ ಅಂಟಿ ಎಲೆಕ್ಟ್ರಾನುಗಳನ್ನು ಹಿಡಿದಿಡುತ್ತದೆ. ಆಗ ವಿದ್ಯುತ್ ಹರಿವು ಕಡಿಮೆ. ಕಾರ್ಬನ್ ಮೊನಾಕ್ಸೈಡ್ ಬಂದು ಆ ಆಮ್ಲಜನಕದೊಡನೆ ಸೇರಿದಾಗ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ಹರಿವು ಹೆಚ್ಚುತ್ತದೆ, ಎಚ್ಚರಿಕೆಯ ಗಂಟೆ ಬಾರಿಸುತ್ತದೆ.

ಬೆಂಗಳೂರಿನ ಸಿ.ಎನ್.ಆರ್. ರಾವ್ 1951ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್ಸಿ., ನಂತರ ಬನಾರಸ್‌ನಲ್ಲಿ ಎಂ.ಎಸ್ಸಿ., 1958ರಲ್ಲಿ ಅಮೆರಿಕದ ಪರ್ಡ್ಯೂನಲ್ಲಿ ಪಿಎಚ್.ಡಿ. ಪಡೆದರು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಅವರ ತಂಡ ಆಕ್ಸೈಡ್ ನ್ಯಾನೊತಂತಿಗಳ ಸೆನ್ಸರ್‌ಗಳ ಮೇಲೂ ಕೆಲಸ ಮಾಡಿತು. 2014ರಲ್ಲಿ ಅವರಿಗೆ ಭಾರತರತ್ನ ಪ್ರದಾನವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನವಕಾಂತ ಭಟ್ ಅವರ ತಂಡವೂ ಸೆನ್ಸರ್ ಸಂಶೋಧನೆ ನಡೆಸಿದೆ.

ಎಂ.ಎಸ್ಸಿ. ನಂತರ ಸಿ.ಎಸ್.ಐ.ಆರ್. ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಗಳಿಸಿದವರಿಗೆ ಸಂಶೋಧನೆ ಮಾಡಲು ಮಾಸಿಕ ಫೆಲೋಶಿಪ್ ಸಿಗುತ್ತದೆ. ಅಲ್ಲಿಯವರೆಗಿನ ಖರ್ಚೇ ಮನೆಗೆ ಭಾರ. ಅದರಲ್ಲಿ ಪಾಲು ಹೊರಲೆಂದೇ ಈ ವಿದ್ಯಾರ್ಥಿವೇತನ. ಬಿ.ಎಸ್ಸಿ. ಸೇರುವ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಹಿಂಜರಿಯದೆ ಅರ್ಜಿ ಸಲ್ಲಿಸಿ.