ಚೂಪುತುದಿಯ ಚಪ್ಪಟೆ ಪಾದರಕ್ಷೆ

ಚೂಪುತುದಿಯ ಚಪ್ಪಟೆ ಪಾದರಕ್ಷೆ ಎಂದರೆ ಮುಂಭಾಗವು ಕ್ರಮೇಣ ಕಿರಿದಾಗುತ್ತ ಮೊನೆಯಾಗಿ ಮುಗಿಯುವ, ಹಿಮ್ಮಡಿಯನ್ನು ಎತ್ತರಿಸದ ಮೆಟ್ಟು. ಅಂಗಡಿಗಳಲ್ಲಿ ಇದಕ್ಕೆ ಬೆಲ್ಲಿ, ಕಟ್‌ಶೂ, ಪಾಯಿಂಟೆಡ್ ಫ್ಲ್ಯಾಟ್ಸ್ ಮುಂತಾದ ಹೆಸರುಗಳಿವೆ. ಉತ್ತರ ಭಾರತದ ಮೋಜಡಿ ಮತ್ತು ಜುತ್ತಿಗಳೂ ಇದೇ ವರ್ಗಕ್ಕೆ ಸೇರುತ್ತವೆ. ಹಗುರವಾಗಿರುವುದರಿಂದಲೂ ಹಾಕಿ ತೆಗೆಯಲು ಸುಲಭವಾಗಿರುವುದರಿಂದಲೂ ಬೇಸಿಗೆಯಲ್ಲಿ ಇವುಗಳ ಬಳಕೆ ಹೆಚ್ಚು. ಆದರೆ ಮನುಷ್ಯನ ಪಾದ ಮೊನೆಯಾಗಿಲ್ಲ. ಬೆರಳುಗಳ ಬುಡದಲ್ಲಿ ಪಾದವು ಅತ್ಯಂತ ಅಗಲವಾಗಿರುತ್ತದೆ. ಪಾದರಕ್ಷೆ ಅಲ್ಲಿಂದಲೇ ಕಿರಿದಾಗತೊಡಗಿದರೆ ಬೆರಳುಗಳು ಒಂದರ ಮೇಲೊಂದು ಒತ್ತಲ್ಪಡುತ್ತವೆ. ಆದ್ದರಿಂದ ಈ ಬಗೆಯ ಪಾದರಕ್ಷೆಯ ಹಿತವು ಮೊನೆ ಎಷ್ಟು ಚೂಪಾಗಿದೆ ಎಂಬುದಕ್ಕಿಂತ, ಅದು ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ಅವಲಂಬಿಸಿದೆ.

ಹಿನ್ನೆಲೆ

ಮಧ್ಯಯುಗದ ಯುರೋಪಿನಲ್ಲಿ ಪೂಲೇನ್ ಎಂಬ ಉದ್ದ ಮೊನೆಯ ಪಾದರಕ್ಷೆ ಪ್ರತಿಷ್ಠೆಯ ಗುರುತಾಗಿತ್ತು. ಇಂಗ್ಲೆಂಡಿನಲ್ಲಿ ನಾಲ್ಕನೆಯ ಎಡ್ವರ್ಡನ ಆಳ್ವಿಕೆಯಲ್ಲಿ, 1463ರಲ್ಲಿ, ಲಾರ್ಡ್ ಪದವಿಗಿಂತ ಕೆಳಗಿನವರು 2 ಅಂಗುಲಕ್ಕಿಂತ ಉದ್ದದ ಮೊನೆಯನ್ನು ಧರಿಸಬಾರದೆಂದು ಕಾನೂನು ಮಾಡಬೇಕಾಯಿತು. ಈ ಶೋಕಿಯ ಬೆಲೆ ಏನೆಂಬುದು ಮೂಳೆಗಳಲ್ಲಿ ಉಳಿದಿದೆ. ಕೇಂಬ್ರಿಡ್ಜ್ ನಗರದ ಹಳೆಯ ಸಮಾಧಿಸ್ಥಳಗಳಿಂದ ದೊರೆತ 177 ಅಸ್ಥಿಪಂಜರಗಳ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಹೆಬ್ಬೆರಳು ಒಳಗೆ ವಾಲಿ ಅದರ ಬುಡದಲ್ಲಿ ಗಂಟು ಏಳುವ ವಿಕಾರವು 11ರಿಂದ 13ನೆಯ ಶತಮಾನದವರಲ್ಲಿ ಶೇ. 6ರಷ್ಟಿದ್ದರೆ, ಮೊನೆಯ ಪಾದರಕ್ಷೆ ರೂಢಿಗೆ ಬಂದ 14 ಮತ್ತು 15ನೆಯ ಶತಮಾನಗಳಲ್ಲಿ ಶೇ. 27ಕ್ಕೆ ಏರಿತ್ತು.

ಕರ್ನಾಟಕದ ಪರಂಪರೆ ಬೇರೆ ದಾರಿ ಹಿಡಿದಿದೆ. ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ ಮೊದಲಾದೆಡೆ ತಯಾರಾಗುವ ಕೊಲ್ಹಾಪುರಿ ಚಪ್ಪಲಿಯೂ ಚಪ್ಪಟೆಯಾದದ್ದೇ, ಆದರೆ ಅದರ ಮುಂಭಾಗ ತೆರೆದಿರುವುದರಿಂದ ಬೆರಳುಗಳಿಗೆ ಇಕ್ಕಟ್ಟಿಲ್ಲ, ಬೆವರೂ ನಿಲ್ಲುವುದಿಲ್ಲ. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ ಚರ್ಮವನ್ನು ಚರ್ಮದ ದಾರದಿಂದಲೇ ಹೊಲಿಯುವುದು ಅದರ ವೈಶಿಷ್ಟ್ಯ. 2019ರಲ್ಲಿ ದೊರೆತ ಭೌಗೋಳಿಕ ಸೂಚಕ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಹೆಸರು ಕೊಲ್ಹಾಪುರದ್ದಾದ ಕಾರಣ ಕನ್ನಡಿಗರೇ ಇದನ್ನು ಮರೆಯುವುದುಂಟು.

ಬೇಸಿಗೆಯಲ್ಲಿ ಆಯ್ಕೆ

ಶಾಖಕ್ಕೆ ರಕ್ತನಾಳಗಳು ಹಿಗ್ಗಿ ಪಾದ ಸ್ವಲ್ಪ ಊದಿಕೊಳ್ಳುತ್ತದೆ; ದಿನವಿಡೀ ನಿಂತವರಲ್ಲಿ ಈ ಊತ ಇನ್ನೂ ಹೆಚ್ಚು. ಬೆಳಿಗ್ಗೆ ಸರಿಯಾಗಿ ಕೂತ ಜೋಡು ಸಂಜೆಗೆ ಬಿಗಿಯಾಗುವುದು ಇದರಿಂದಲೇ. ಆದ್ದರಿಂದ ಪಾದರಕ್ಷೆಯನ್ನು ಸಂಜೆಯ ಹೊತ್ತು, ಎರಡೂ ಕಾಲಿಗೆ ಹಾಕಿ, ನಿಂತು ನೋಡಿ ಕೊಳ್ಳಬೇಕು. ಎರಡು ಪಾದಗಳ ಅಳತೆ ಬಹುಮಂದಿಯಲ್ಲಿ ಒಂದೇ ಇರುವುದಿಲ್ಲ. ದೊಡ್ಡದಾದ ಪಾದಕ್ಕೆ ಹೊಂದುವುದನ್ನೇ ಆರಿಸಬೇಕು.

ಮನೆಯಲ್ಲೇ ಮಾಡಬಹುದಾದ ಸರಳ ಪರೀಕ್ಷೆಯೊಂದಿದೆ. ದಿನಪತ್ರಿಕೆಯ ಹಾಳೆಯ ಮೇಲೆ ಬರಿಗಾಲಲ್ಲಿ ನಿಂತು ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಆ ಚಿತ್ರದ ಮೇಲೆ ಪಾದರಕ್ಷೆಯನ್ನು ಇಡಬೇಕು. ಬೆರಳುಗಳ ಬುಡದ ಬಳಿ ಗೆರೆ ಪಾದರಕ್ಷೆಯಿಂದ ಹೊರಗೆ ಎದ್ದು ಕಂಡರೆ, ಅದು ಎಷ್ಟೇ ಚೆಂದವಾಗಿದ್ದರೂ ಬೇಡ. ಮೊನೆಯ ಭಾಗ ಬೆರಳುಗಳನ್ನು ದಾಟಿದ ಮೇಲೆ ಬರಬೇಕು. ಹಾಕಿಕೊಂಡು ಮೇಲಿನಿಂದ ಒತ್ತಿದಾಗ ತುದಿ ಟೊಳ್ಳಾಗಿರಬೇಕು. ಉದ್ದ ಹೆಚ್ಚಾದರೆ ಅಗಲದ ಕೊರತೆ ನೀಗುತ್ತದೆಂದು ದೊಡ್ಡ ಅಳತೆ ಕೊಳ್ಳುವುದು ತಪ್ಪು: ಹಿಮ್ಮಡಿ ಸಡಿಲವಾಗಿ, ಜೋಡು ಕಳಚದಂತೆ ಬೆರಳುಗಳನ್ನು ಮಡಚಿಕೊಂಡೇ ನಡೆಯಬೇಕಾಗುತ್ತದೆ.

ಮೆತುವಾದ ಚರ್ಮ, ಹತ್ತಿಬಟ್ಟೆ ಅಥವಾ ಗಾಳಿಯಾಡುವ ಹೆಣಿಗೆಯ ಮೇಲ್ಹೊದಿಕೆ ಬೇಸಿಗೆಗೆ ಯೋಗ್ಯ. ರೆಕ್ಸಿನ್ ಬೆವರನ್ನು ಒಳಗೇ ಹಿಡಿದಿಡುವುದರಿಂದ ಬೆರಳಸಂದಿಯಲ್ಲಿ ಶಿಲೀಂಧ್ರದ ಸೋಂಕಿಗೆ ದಾರಿಯಾಗುತ್ತದೆ. ಅಟ್ಟೆ ತೀರ ತೆಳುವಾಗಿದ್ದರೆ ಕಾದ ಡಾಂಬರಿನ ಬಿಸಿಯೂ ಕಲ್ಲಿನ ಒತ್ತೂ ನೇರ ಅಂಗಾಲಿಗೆ ತಾಗುತ್ತವೆ. ಅಟ್ಟೆಯನ್ನು ಬಗ್ಗಿಸಿದಾಗ ಅದು ಬೆರಳುಗಳ ಬುಡದಲ್ಲಿ ಮಡಚಬೇಕು, ನಟ್ಟನಡುವೆ ಅಲ್ಲ.

ಹೊಸ ಜೋಡನ್ನು ಮದುವೆಯ ದಿನವೇ ಮೊದಲ ಬಾರಿಗೆ ಮೆಟ್ಟುವುದು ನಮ್ಮಲ್ಲಿ ವ್ಯಾಪಕವಾಗಿರುವ ಅವಿವೇಕ. ವಾರದ ಮೊದಲೇ ಮನೆಯೊಳಗೆ ದಿನಕ್ಕೆ ಅರ್ಧ ಗಂಟೆ ಹಾಕಿ ಪಳಗಿಸಿದರೆ ಚಪ್ಪಲಿ ಕಚ್ಚುವುದು ಕಡಿಮೆಯಾಗುತ್ತದೆ.

ಆರೋಗ್ಯ

ಇಕ್ಕಟ್ಟಾದ ಮೊನೆಯಿಂದ ಬೊಬ್ಬೆ, ಆಣಿ, ಉಗುರು ಮಾಂಸದೊಳಗೆ ಬೆಳೆಯುವುದು, ಬೆರಳುಗಳ ನಡುವಿನ ನರದ ಉರಿನೋವು ಉಂಟಾಗಬಹುದು. ಹೆಬ್ಬೆರಳಿನ ಗಂಟಿಗೆ ಆನುವಂಶಿಕ ಕಾರಣಗಳೂ ಇವೆ. ಬಿಗಿಯಾದ ಪಾದರಕ್ಷೆ ಅದನ್ನು ಉಲ್ಬಣಗೊಳಿಸುತ್ತದೆ. ಪಾದದ ಕಮಾನಿಗೆ ಆಸರೆಯಿಲ್ಲದ ಚಪ್ಪಟೆ ಅಟ್ಟೆಯಿಂದ ಕೆಲವರಿಗೆ ಹಿಮ್ಮಡಿ ನೋವು ಬರುತ್ತದೆ. ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಯಲ್ಲಿ ಅದು ತೀವ್ರವಾಗಿರುತ್ತದೆ.

ಮಧುಮೇಹಿಗಳ ವಿಷಯ ಎಲ್ಲಕ್ಕಿಂತ ಗಂಭೀರವಾದುದು. ನರಗಳ ಸಂವೇದನೆ ಕುಗ್ಗಿದವರಿಗೆ ಚಪ್ಪಲಿ ಕಚ್ಚಿದ್ದೇ ತಿಳಿಯುವುದಿಲ್ಲ. ತಿಳಿಯದ ಬೊಬ್ಬೆ ಹುಣ್ಣಾಗಿ, ಸೋಂಕು ತಗುಲಿ, ಬೆರಳನ್ನೇ ತೆಗೆಯುವ ಹಂತ ತಲುಪಬಹುದು. ಅಂಥವರು ಮೊನೆಯ ಪಾದರಕ್ಷೆಯನ್ನು ಬಿಡುವುದೇ ಲೇಸು. ಪ್ರತಿರಾತ್ರಿ ಅಂಗಾಲನ್ನೂ ಬೆರಳಸಂದಿಗಳನ್ನೂ ಬೆಳಕಿನಲ್ಲಿ ಪರಿಶೀಲಿಸಬೇಕು.

ಬಾಬಾಬುಡನ್‌ಗಿರಿ ಪ್ರದೇಶದಲ್ಲಿ ಬಳಕೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಪೇಟೆಗಳಲ್ಲಿಯೂ, ಹೊರನಾಡಿನಂಥ ಕ್ಷೇತ್ರಗಳಲ್ಲಿ ಜೋಡು ಹೊರಗೆ ಬಿಟ್ಟು ಹೋಗಬೇಕಾದಾಗಲೂ ಇದು ಅನುಕೂಲಕರ. ಗಿರಿಯ ಇಳಿಜಾರಿನ ಮಾತೇ ಬೇರೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯನ್ನೋ ಬಾಬಾಬುಡನ್‌ಗಿರಿಯ ಹುಲ್ಲುಗಾವಲನ್ನೋ ಏರುವಾಗ ತೊಂದರೆ ಕೊಡದ ಜೋಡು ಇಳಿಯುವಾಗ ಕಾಡುತ್ತದೆ. ಪಾದ ಮುಂದಕ್ಕೆ ಜಾರಿ ಮೈಭಾರವೆಲ್ಲ ಬೆರಳುಗಳನ್ನು ಮೊನೆಯೊಳಕ್ಕೆ ನೂಕುತ್ತದೆ. ನುಣುಪಾದ ಅಟ್ಟೆಗೆ ಏಪ್ರಿಲ್‌ನ ಒಣಹುಲ್ಲು ಹಿಡಿತ ಕೊಡುವುದಿಲ್ಲ. ದರಗೆಲೆ ಹಾಸಿದ ಕಾಫಿ ತೋಟದೊಳಗೂ ಇದು ಸಲ್ಲದು, ಅಲ್ಲಿ ಪಾದ ಪೂರ್ತಿ ಮುಚ್ಚುವ, ಹಿಡಿತವಿರುವ ಶೂ ಬೇಕು.

ಜೋಪಾನ

ಬೆವರಿದ ಜೋಡನ್ನು ನೆರಳಿನಲ್ಲಿ ಗಾಳಿಗೆ ಒಣಗಿಸಬೇಕು. ಬಿರುಬಿಸಿಲಿಗೆ ಚರ್ಮ ಬಿರಿಯುತ್ತದೆ, ಅಂಟು ಬಿಡುತ್ತದೆ. ಒಂದೇ ಜೋಡನ್ನು ದಿನವೂ ಹಾಕದೆ ಎರಡನ್ನು ಸರದಿಯಲ್ಲಿ ಬಳಸುವುದು ಒಳ್ಳೆಯದು. ಮಲೆನಾಡಿನಲ್ಲಿ ಜೂನ್ ಮಳೆ ಹಿಡಿದರೆ ಚರ್ಮಕ್ಕೆ ಬೂಷ್ಟು ಬರುವುದರಿಂದ, ಮೇ ತಿಂಗಳ ಕೊನೆಗೇ ಒರೆಸಿ ಒಣಗಿಸಿ, ಒಳಗೆ ಪತ್ರಿಕೆಯ ಹಾಳೆ ತುರುಕಿ, ಬೆಚ್ಚಗಿನ ಒಣ ಜಾಗದಲ್ಲಿ ಎತ್ತಿಡುತ್ತಾರೆ.