ನಡೆದದ್ದು ನೂರು ಮೀಟರ್, ಸರಿದದ್ದೆಷ್ಟು?

ಪ್ರಥಮ ಪಿಯುಸಿ ವಿಜ್ಞಾನಕ್ಕೆ ಸೇರಿದ ನೆರೆಮನೆಯ ಹುಡುಗಿ ಎರಡೇ ತಿಂಗಳಲ್ಲಿ, "ನನ್ನಿಂದಾಗದು, ಕಲಾ ವಿಭಾಗಕ್ಕೆ ಹೋಗುತ್ತೇನೆ" ಎಂದು ಹಠ ಹಿಡಿದಳು. ತಾಯಿ ಅವಳನ್ನು ನನ್ನ ಬಳಿ ಕರೆತಂದರು. ಬಿ.ಎ. ಓದಿದ ನನಗೆ ಭೌತಶಾಸ್ತ್ರವೆಂದರೆ ಅಂಜಿಕೆಯೇ. ಆದರೂ ಪುಸ್ತಕ ತೆರೆದೆ.

60 ಮೀಟರ್ ಪೂರ್ವಕ್ಕೆ ನಡೆದು, ಅಲ್ಲಿಂದ 40 ಮೀಟರ್ ಈಶಾನ್ಯಕ್ಕೆ ನಡೆದರೆ ಒಟ್ಟು ಸ್ಥಾನಪಲ್ಲಟ ಎಷ್ಟು? ಹುಡುಗಿ 100 ಎಂದು ಬರೆದು ಹೊಡೆದು ಹಾಕಿದ್ದಳು. ಅದು ಕಾಲು ಸವೆಸಿದ ದಾರಿ. ಸ್ಥಾನಪಲ್ಲಟವೆಂದರೆ ಹೊರಟಲ್ಲಿಂದ ತಲುಪಿದಲ್ಲಿಗೆ ಇರುವ ನೇರ ಅಂತರ, ದಿಕ್ಕಿನ ಸಮೇತ. ಆಮೇಲೆ ಪೈಥಾಗೊರಸ್ ಸೂತ್ರ ಹಾಕಿ 72 ಎಂದಿದ್ದಳು. ತಪ್ಪಿದ್ದು ಇಲ್ಲೇ. ಎರಡು ನಡಿಗೆಗಳ ನಡುವೆ 90 ಡಿಗ್ರಿ ಇದ್ದರೆ ಮಾತ್ರ ಅವನ್ನು ನೇರವಾಗಿ ಆ ಸೂತ್ರಕ್ಕೆ ಹಾಕಬಹುದು. ಇಲ್ಲಿ ತಿರುವು ಬರೀ 45 ಡಿಗ್ರಿ.

ಆದ್ದರಿಂದ ಓರೆ ನಡಿಗೆಯನ್ನು ಮೊದಲು ಒಡೆಯಬೇಕು. 40ನ್ನು 0.707ರಿಂದ ಗುಣಿಸಿದರೆ 28.3, ಪೂರ್ವಕ್ಕೂ ಅಷ್ಟೇ, ಉತ್ತರಕ್ಕೂ ಅಷ್ಟೇ. ಈಗ ಪೂರ್ವಕ್ಕೆ 88.3, ಉತ್ತರಕ್ಕೆ 28.3. ಇವು ಲಂಬವಾಗಿವೆ, ಪೈಥಾಗೊರಸ್ ಇನ್ನು ಬರಲಿ! ಉತ್ತರ ಸುಮಾರು 93 ಮೀಟರ್, ಪೂರ್ವದಿಂದ ಉತ್ತರದ ಕಡೆಗೆ ಸುಮಾರು 18 ಡಿಗ್ರಿ. ದಿಕ್ಕು ಬರೆಯದಿದ್ದರೆ ಉತ್ತರ ಅರ್ಧವೇ.

ಸೂತ್ರವನ್ನು ನಂಬದ ತಾಯಂದಿರು 10 ಮೀಟರಿಗೆ ಒಂದು ಸೆಂಟಿಮೀಟರ್‌ನಂತೆ ಗೆರೆ ಎಳೆದು ಅಳೆಯಲಿ. ನಮಗೂ ಒಂಬತ್ತು ಸೆಂಟಿಮೀಟರ್ ದಾಟಿ ಮೂರು ಗೆರೆ ಬಂತು. ಹುಡುಗಿ ಸ್ಕೇಲನ್ನು ನನ್ನ ಕೈಯಿಂದ ಕಿತ್ತುಕೊಂಡು ಮುಂದಿನ ಲೆಕ್ಕಕ್ಕೆ ಹೋದಳು. ವಿಭಾಗ ಬದಲಿಸುವ ಮಾತು ಆ ಸಂಜೆ ಬರಲಿಲ್ಲ.