ಸ್ಪಿರಿಟ್ ದೀಪಕ್ಕೂ ಬೇಕು ಆರೈಕೆ

ಶಾಲೆಯ ಪ್ರಯೋಗಾಲಯದಲ್ಲಿ ಅತಿ ಅಗ್ಗದ, ಅತಿ ಸಾಧುವಾದ ಉಪಕರಣ ಯಾವುದೆಂದು ಕೇಳಿದರೆ ಹೆಚ್ಚಿನವರು ಸ್ಪಿರಿಟ್ ದೀಪದ ಕಡೆ ಕೈ ತೋರಿಸುತ್ತಾರೆ. ದಪ್ಪ ಗಾಜಿನ ಪುಟ್ಟ ಬುರುಡೆ, ಅದರ ಕುತ್ತಿಗೆಯಲ್ಲಿ ಒಂದು ಬತ್ತಿ, ಮೇಲೊಂದು ಗಾಜಿನ ಟೋಪಿ. ಅಷ್ಟೇ. ಅನಿಲದ ಕೊಳವೆ ಇಲ್ಲದ ಶಾಲೆಗಳಲ್ಲಿ ಫೆರಸ್ ಸಲ್ಫೇಟ್ ಹರಳು ಕಾಯಿಸುವುದಕ್ಕೂ ಇದೇ, ಮೆಗ್ನೀಸಿಯಂ ಪಟ್ಟಿ ಉರಿಸುವುದಕ್ಕೂ ಇದೇ. ವಿಜ್ಞಾನ ವಸ್ತುಪ್ರದರ್ಶನ ಹತ್ತಿರ ಬಂತೆಂದರೆ ದೀಪ ಮನೆಗೂ ಬರುತ್ತದೆ. ಅಲ್ಲಿ ಅದರ ಮೇಲೆ ಮೇಷ್ಟರ ಕಣ್ಣಿರುವುದಿಲ್ಲ. ತಂದೆತಾಯಿಗಳೋ, ಇದನ್ನು ದೇವರ ಮನೆಯ ದೀಪದ ತಮ್ಮನೆಂದೇ ಭಾವಿಸುತ್ತಾರೆ. ತೊಡಕು ಶುರುವಾಗುವುದು ಇಲ್ಲಿಂದಲೇ.

ನೋಡಲು ಒಂದೇ ಬಗೆಯಾದರೂ ಎಣ್ಣೆ ದೀಪಕ್ಕೂ ಸ್ಪಿರಿಟ್ ದೀಪಕ್ಕೂ ಸ್ವಭಾವದಲ್ಲಿ ಅಜಗಜಾಂತರ. ಎಳ್ಳೆಣ್ಣೆಯ ಹಣತೆ ಕೈತಪ್ಪಿ ಬಿದ್ದರೆ ಎಣ್ಣೆ ಚೆಲ್ಲುತ್ತದೆ, ಬತ್ತಿ ಎಷ್ಟೋ ಸಲ ಆರಿಯೇ ಹೋಗುತ್ತದೆ. ಸ್ಪಿರಿಟ್ ಹಾಗಲ್ಲ. ಅದು ಎಥನಾಲ್, ಅರ್ಥಾತ್ ಮದ್ಯಸಾರ. 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಆದರೆ ಉರಿಯಲು ಅದಕ್ಕೆ ಅಷ್ಟು ಬಿಸಿ ಬೇಕಿಲ್ಲ. ಶುದ್ಧ ಎಥನಾಲ್ ಸುಮಾರು 13 ಡಿಗ್ರಿಯಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಮ್ಮ ನಾಡಿನಲ್ಲಿ ಹಗಲು ಹೊತ್ತು 13 ಡಿಗ್ರಿಗಿಂತ ತಣ್ಣಗಿರುವ ಊರು ಎಲ್ಲಿದೆ? ಹೀಗಾಗಿ ಬಾಟಲಿಯ ಮುಚ್ಚಳ ತೆರೆದ ಗಳಿಗೆಯಿಂದಲೇ ಅದು ಉರಿಯಲು ಸಿದ್ಧವಾಗಿರುವ ವಸ್ತು. ಈ ಆವಿ ಗಾಳಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಭಾರ. ಮೇಲೇರಿ ಚದುರುವ ಬದಲು ಮೇಜಿನ ಮೇಲೆ, ನೆಲದ ಮೇಲೆ ಹರಿದಾಡುತ್ತದೆ.

ಅರ್ಧ ಖಾಲಿ ಬಾಟಲಿಯ ಅಪಾಯ

ಇಲ್ಲೊಂದು ಲೆಕ್ಕವಿದೆ, ಪಿಯುಸಿ ವಿದ್ಯಾರ್ಥಿಗಳು ತಾವೇ ಹಾಕಿ ನೋಡಬಹುದು. ಗಾಳಿಯಲ್ಲಿ ಎಥನಾಲ್ ಆವಿ ನೂರಕ್ಕೆ ಸುಮಾರು 3.3ರಿಂದ 19 ಪಾಲು ಬೆರೆತಿದ್ದರೆ ಮಾತ್ರ ಅದು ಹೊತ್ತಿಕೊಳ್ಳುತ್ತದೆ. ಅದಕ್ಕಿಂತ ಕಡಿಮೆಯಾದರೆ ಉರಿಯಲು ಸಾಲದು, ಹೆಚ್ಚಾದರೆ ಆಮ್ಲಜನಕ ಸಾಲದು. ಈಗ 25 ಡಿಗ್ರಿ ಉಷ್ಣಾಂಶದ ಕೋಣೆಯಲ್ಲಿ ಅರ್ಧ ಸ್ಪಿರಿಟ್ ಇರುವ ಬಾಟಲಿಯೊಂದು ಮುಚ್ಚಿಟ್ಟಿದೆ ಎನ್ನಿ. ಒಳಗಿನ ಖಾಲಿ ಜಾಗದಲ್ಲಿ ಆವಿ ಎಷ್ಟಿರುತ್ತದೆ? ಆ ಉಷ್ಣಾಂಶದಲ್ಲಿ ಎಥನಾಲಿನ ಆವಿಯ ಒತ್ತಡ ಸುಮಾರು 7.9 ಕಿಲೋಪಾಸ್ಕಲ್, ವಾಯುಮಂಡಲದ ಒತ್ತಡ 101. ಎಂದರೆ ನೂರಕ್ಕೆ ಹತ್ತಿರ ಹತ್ತಿರ 8 ಪಾಲು. ಹೊತ್ತಿಕೊಳ್ಳುವ ಮಿತಿಯ ಒಳಗೇ ಬಂತಲ್ಲ! ಪೆಟ್ರೋಲ್ ಡಬ್ಬಿಯೊಳಗೆ ಸಾಮಾನ್ಯವಾಗಿ ಆವಿ ಅತಿಯಾಗಿ ತುಂಬಿರುತ್ತದೆ, ಸೀಮೆಎಣ್ಣೆ ಡಬ್ಬಿಯಲ್ಲಿ ತೀರ ಕಡಿಮೆ ಇರುತ್ತದೆ. ಸ್ಪಿರಿಟ್ ಬಾಟಲಿಯಲ್ಲಿ ಮಾತ್ರ ಕೋಣೆಯ ಉಷ್ಣಾಂಶದಲ್ಲೇ ಸ್ಫೋಟಕ್ಕೆ ಹದವಾದ ಮಿಶ್ರಣ ಇರುತ್ತದೆ.

ಉರಿಯುವ ಅಥವಾ ಈಗಷ್ಟೇ ಆರಿಸಿದ ದೀಪಕ್ಕೆ ಬಾಟಲಿಯಿಂದ ಸ್ಪಿರಿಟ್ ಸುರಿಯಬಾರದು ಎನ್ನುವುದರ ಹಿಂದಿನ ಕಾರಣ ಇದು. ಸುರಿಯುವಾಗ ಆವಿ ಧಾರೆಯ ಜೊತೆಗೇ ಕೆಳಗಿಳಿದು ಜ್ವಾಲೆಯನ್ನು ಮುಟ್ಟುತ್ತದೆ. ಬೆಂಕಿ ಅದೇ ದಾರಿ ಹಿಡಿದು ಹಿಂದಕ್ಕೆ ಓಡಿ ಬಾಟಲಿಯೊಳಗೆ ಹೋಗುತ್ತದೆ. ಒಳಗಿನ ಮಿಶ್ರಣ ಒಮ್ಮೆಲೇ ಉರಿದು ಹಿಗ್ಗಿದಾಗ ಉಳಿದ ಸ್ಪಿರಿಟ್ಟು ಕಿರಿದಾದ ಬಾಯಿಂದ ಉರಿಯುತ್ತಲೇ ಪಿಚಕಾರಿಯಂತೆ ಹೊರಗೆ ಚಿಮ್ಮುತ್ತದೆ. ಇದೆಲ್ಲ ನಡೆಯಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಅನೇಕ ಬಾರಿ ಸುಟ್ಟುಕೊಳ್ಳುವವರು ಸುರಿದವರಲ್ಲ, ಬಾಟಲಿಯ ಬಾಯಿಯ ನೇರಕ್ಕೆ ನಿಂತು ಕುತೂಹಲದಿಂದ ನೋಡುತ್ತಿದ್ದವರು.

ಅಮೆರಿಕದಲ್ಲಿ 2014ರ ಒಂದೇ ವರ್ಷದಲ್ಲಿ ಇಂಥ ಮೂರು ಅವಘಡಗಳು ಸುದ್ದಿಯಾದವು: ಜನವರಿಯಲ್ಲಿ ನ್ಯೂಯಾರ್ಕ್‌ನ ಪ್ರೌಢಶಾಲೆ, ಸೆಪ್ಟೆಂಬರಿನಲ್ಲಿ ರೀನೋ ಪಟ್ಟಣದ ವಿಜ್ಞಾನ ವಸ್ತುಸಂಗ್ರಹಾಲಯ, ಅದೇ ತಿಂಗಳು ಡೆನ್ವರ್‌ನ ಇನ್ನೊಂದು ಶಾಲೆ. ಮೂರು ಕಡೆಯೂ ಮಕ್ಕಳ ಎದುರು ಪ್ರಾತ್ಯಕ್ಷಿಕೆ ನಡೆದಿತ್ತು, ಮೂರು ಕಡೆಯೂ ಬಳಸಿದ್ದು ಎಥನಾಲಿನ ದಾಯಾದಿ ಮೆಥನಾಲ್. ದೊಡ್ಡ ಬಾಟಲಿಯನ್ನು ಬೆಂಕಿಯ ಸನಿಹಕ್ಕೆ ತಂದದ್ದೇ ಮುಳುವಾಯಿತು. ಡೆನ್ವರ್‌ನಲ್ಲಿ ಬೆಂಕಿಯ ಧಾರೆ ಸುಮಾರು 12 ಅಡಿ ಚಿಮ್ಮಿ ವಿದ್ಯಾರ್ಥಿಯೊಬ್ಬನ ಎದೆಗೆ ಬಡಿಯಿತು. ಆ ದೇಶದ ರಾಸಾಯನಿಕ ಸುರಕ್ಷತಾ ಮಂಡಳಿ ಇವನ್ನು ಪರಿಶೀಲಿಸಿ, ಇಂಥ ಪ್ರಾತ್ಯಕ್ಷಿಕೆಯ ಜಾಗಕ್ಕೆ ದೊಡ್ಡ ಬಾಟಲಿಯನ್ನು ತರಲೇಬಾರದು ಎಂದು ಶಾಲೆಗಳಿಗೆ ತಿಳಿಸಿತು. ಅನುಭವಸ್ಥ ಅಧ್ಯಾಪಕರ ಕೈಯಲ್ಲೇ ಹೀಗಾದರೆ ಮನೆಯ ಹಜಾರದಲ್ಲಿ ಕುಳಿತ ಒಂಬತ್ತನೇ ತರಗತಿಯ ಹುಡುಗನ ಪಾಡೇನು?

ಬತ್ತಿ ಏಕೆ ಸುಡುವುದಿಲ್ಲ?

ದೀಪವನ್ನು ಚೆನ್ನಾಗಿ ಇಟ್ಟುಕೊಳ್ಳುವವರಿಗೆ ಮೊದಲು ಗೊತ್ತಿರಬೇಕಾದದ್ದು ಬತ್ತಿಯ ವಿಚಾರ. ಉರಿಯುವುದು ಬತ್ತಿಯಲ್ಲ, ಅದರ ತುದಿಯಿಂದ ಏಳುವ ಆವಿ. ಸ್ಪಿರಿಟ್ ಆವಿಯಾಗುವಾಗ ಬತ್ತಿಯ ಶಾಖವನ್ನು ಎಳೆದುಕೊಂಡು ಅದನ್ನು ತಂಪಾಗಿಡುತ್ತದೆ. ಬುರುಡೆಯಲ್ಲಿ ಸ್ಪಿರಿಟ್ ತೀರಿದ ಮೇಲೂ ಉರಿಸುತ್ತಾ ಹೋದರೆ ಆಗ ಸುಡುವುದು ನೂಲು. ತುದಿ ಕರಕಲಾಗಿ ಗಟ್ಟಿಯಾದರೆ ಸ್ಪಿರಿಟ್ ಮೇಲೇರುವುದಿಲ್ಲ, ಜ್ವಾಲೆ ಸೊರಗುತ್ತದೆ. ಆಗ ಕರಕಲನ್ನು ಕತ್ತರಿಯಿಂದ ನೇರವಾಗಿ ಕತ್ತರಿಸಿ ತೆಗೆದರೆ ಸಾಕು. ಬತ್ತಿ ಹತ್ತಿ ನೂಲಿನದೇ ಆಗಿರಬೇಕು. ನೈಲಾನ್ ಬೆರೆತ ದಾರ ಕರಗಿ ಅಂಟಾಗುತ್ತದೆ. ತೀರ ಬಿಗಿಯಾಗಿ ತುರುಕಿದರೆ ಸ್ಪಿರಿಟ್ ಹತ್ತುವುದಿಲ್ಲ, ತೀರ ಸಡಿಲವಾದರೆ ಜ್ವಾಲೆ ಪಕ್ಕದ ಸಂದಿಯಿಂದ ಒಳಗಿಳಿಯಬಹುದು.

ಬತ್ತಿಯನ್ನು ಹೆಚ್ಚು ಮೇಲೆಳೆದರೆ ಬೀಕರು ಬೇಗ ಕಾಯುತ್ತದೆಂದು ಕೆಲವರ ಎಣಿಕೆ. ಜ್ವಾಲೆ ದೊಡ್ಡದಾಗುವುದೇನೋ ನಿಜ. ಜೊತೆಗೆ ಅದು ಹಳದಿಗೆ ತಿರುಗಿ ಬೀಕರಿನ ತಳಕ್ಕೆ ಮಸಿ ಹಿಡಿಸುತ್ತದೆ. ಸರಿಯಾಗಿ ಉರಿಯುವ ಸ್ಪಿರಿಟ್ ದೀಪದ ಜ್ವಾಲೆ ತೆಳು ನೀಲಿ, ಮಸಿ ಇಲ್ಲವೆಂಬಷ್ಟು ಕಡಿಮೆ. ಬಿಸಿಲಿನಲ್ಲಿ ಇದು ಕಣ್ಣಿಗೆ ಕಾಣುವುದೇ ಇಲ್ಲ. ಆರಿದೆ ಎಂದುಕೊಂಡು ಕೈಯಿಟ್ಟವರು, ಇನ್ನಷ್ಟು ಸ್ಪಿರಿಟ್ ಸುರಿದವರು ಸುಟ್ಟುಕೊಂಡಿರುವುದು ಇದರಿಂದಲೇ. ದೀಪವನ್ನು ಕಿಟಕಿಯ ಬಿಸಿಲಿನಿಂದ ದೂರ, ನೆರಳಿನ ಜಾಗದಲ್ಲಿಟ್ಟು ಉರಿಸುವುದು ಮೇಲು.

ತಣ್ಣನೆಯ ಬೀಕರನ್ನು ಜ್ವಾಲೆಯ ಮೇಲಿಟ್ಟಾಗ ಅದರ ತಳದಲ್ಲಿ ಮೊದಲು ನೀರಿನ ಹನಿಗಳು ಮೂಡುವುದನ್ನು ವಿದ್ಯಾರ್ಥಿಗಳು ಗಮನಿಸಿರಬಹುದು. ಬೀಕರು ಸೋರುತ್ತಿದೆ ಎಂದು ಗಾಬರಿಯಾಗುವವರೂ ಉಂಟು. ಅದು ಸ್ಪಿರಿಟ್ ಉರಿದು ಹುಟ್ಟಿದ ನೀರು. ಒಂದು ಲೀಟರ್ ಎಥನಾಲ್ ಪೂರ್ತಿ ಉರಿದರೆ ಸುಮಾರು 900 ಗ್ರಾಂ ನೀರೂ ಒಂದೂವರೆ ಕಿಲೋ ಇಂಗಾಲದ ಡೈಆಕ್ಸೈಡೂ ಹೊರಬೀಳುತ್ತವೆ. ಪುಟ್ಟ ದೀಪಕ್ಕೆ ಇದು ಲೆಕ್ಕಕ್ಕಿಲ್ಲವಾದರೂ ಕಿಟಕಿ ತೆರೆದಿರಬೇಕು ಎನ್ನುವುದು ಸುಮ್ಮನೆ ಹೇಳಿದ ಮಾತಲ್ಲ.

ಟೋಪಿಯ ಕೆಲಸ

ಗಾಜಿನ ಟೋಪಿ ಅಂದಕ್ಕೆ ಇರುವುದಲ್ಲ. ದೀಪ ಆರಿಸಲು ಇದನ್ನು ಮುಚ್ಚಬೇಕು, ಬಾಯಲ್ಲಿ ಊದಬಾರದು. ದೀಪವನ್ನು ಊದಿ ಆರಿಸಬಾರದೆಂಬ ಅಜ್ಜಿಯ ಮಾತು ಇಲ್ಲಿ ವಿಜ್ಞಾನಕ್ಕೂ ಒಪ್ಪುತ್ತದೆ: ಊದಿದ ರಭಸಕ್ಕೆ ಜ್ವಾಲೆ ಬುರುಡೆಯೊಳಗೆ ನುಗ್ಗಬಹುದು. ಟೋಪಿ ಹಾಕಿ ಜ್ವಾಲೆ ಆರಿದ ಮೇಲೆ ಒಮ್ಮೆ ಎತ್ತಿ ಮತ್ತೆ ಮುಚ್ಚುವುದು ಒಳ್ಳೆಯ ಅಭ್ಯಾಸ. ಹಾಗೆ ಮಾಡದಿದ್ದರೆ ಒಳಗಿನ ಬಿಸಿ ಆವಿ ತಣಿದು ಒತ್ತಡ ಇಳಿದು ಟೋಪಿ ಕಚ್ಚಿಕೊಳ್ಳುತ್ತದೆ. ಮರುದಿನ ಅದನ್ನು ಕೀಳಲು ಹೋಗಿ ಗಾಜು ಒಡೆದುಕೊಳ್ಳುವುದು ಎಲ್ಲ ಶಾಲೆಗಳಲ್ಲೂ ಇದ್ದದ್ದೇ.

ಟೋಪಿ ಹಾಕದೆ ಬಿಟ್ಟ ದೀಪಕ್ಕೆ ಇನ್ನೊಂದು ರೋಗ ಬರುತ್ತದೆ. ಅಂಗಡಿಯ ಸ್ಪಿರಿಟ್ಟಿನಲ್ಲಿ ಸ್ವಲ್ಪ ನೀರು ಇದ್ದೇ ಇರುತ್ತದೆ. ಮದ್ಯಸಾರ ಬೇಗ ಹಾರಿಹೋಗಿ ನೀರು ಹಿಂದುಳಿಯುತ್ತದೆ, ಬತ್ತಿ ನೀರು ಕುಡಿದು ಕೂರುತ್ತದೆ. ಎಷ್ಟು ಕಡ್ಡಿ ಗೀರಿದರೂ ಚಟಪಟ ಎನ್ನುತ್ತದೆಯೇ ಹೊರತು ಹತ್ತುವುದಿಲ್ಲ. ಸ್ಪಿರಿಟ್ ಕಲಬೆರಕೆ ಎಂದು ಅಂಗಡಿಯವನನ್ನು ಬೈಯುವ ಮೊದಲು ಟೋಪಿ ಎಲ್ಲಿತ್ತೆಂದು ನೋಡಿಕೊಳ್ಳಬೇಕು. ಬತ್ತಿಯನ್ನು ಹಿಂಡಿ ನೆರಳಲ್ಲಿ ಒಣಗಿಸಿ, ಬುರುಡೆಗೆ ಹೊಸ ಸ್ಪಿರಿಟ್ ತುಂಬಿದರೆ ದೀಪ ಮೊದಲಿನಂತಾಗುತ್ತದೆ.

ಬುರುಡೆ ತೊಳೆಯಲು ಸೋಪಿನ ನೀರು ಸಾಕು. ತೊಳೆದ ಮೇಲೆ ಬೋರಲು ಹಾಕಿ ಪೂರ್ತಿ ಒಣಗಿಸಬೇಕು. ಆಗಲೇ ಕುತ್ತಿಗೆಯ ಸುತ್ತ ಕೂದಲೆಳೆಯಂಥ ಬಿರುಕು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಇದ್ದರೆ ಆ ದೀಪದ ಆಸೆ ಬಿಡುವುದೇ ಸರಿ. ತುಂಬುವಾಗ ಆಲಿಕೆ ಇಟ್ಟು ಮೂರರಲ್ಲಿ ಎರಡು ಭಾಗ ತುಂಬಿದರೆ ಸಾಕು. ಪೂರ್ತಿ ತುಂಬಿದರೆ ಕಾದು ಹಿಗ್ಗಿ ಉಕ್ಕುತ್ತದೆ. ಕಾಲು ಭಾಗಕ್ಕಿಂತ ಕೆಳಗಿಳಿದರೆ ಬುರುಡೆಯೇ ಮೇಲೆ ಹೇಳಿದ ಅರ್ಧ ಖಾಲಿ ಬಾಟಲಿಯಾಗುತ್ತದೆ. ಹೊರಗೆ ಚೆಲ್ಲಿದ್ದನ್ನು ಒರೆಸಿ, ಬಟ್ಟೆಯನ್ನು ಬಯಲಿನಲ್ಲಿ ಹರವಿ, ದೊಡ್ಡ ಬಾಟಲಿಯನ್ನು ಬೇರೆ ಕೋಣೆಗೆ ಸಾಗಿಸಿದ ಮೇಲೆಯೇ ಬೆಂಕಿಕಡ್ಡಿಗೆ ಕೈ ಹಾಕಬೇಕು. ಒಂದು ದೀಪದಿಂದ ಇನ್ನೊಂದನ್ನು ಬಗ್ಗಿಸಿ ಹಚ್ಚುವುದಂತೂ ಕೂಡದು.

ಇಂಕಿನ ಬಾಟಲಿಗೆ ತೂತು ಕೊರೆದು ದೀಪ ಮಾಡುವ ಜಾಣ ಮಕ್ಕಳಿದ್ದಾರೆ. ಮೆಚ್ಚತಕ್ಕದ್ದೇ. ಆದರೆ ಪ್ಲಾಸ್ಟಿಕ್ ಮುಚ್ಚಳ ಬಿಸಿಗೆ ಮೆತ್ತಗಾಗಿ ಬತ್ತಿಸಮೇತ ಒಳಗೆ ಬೀಳುತ್ತದೆ. ಮುಚ್ಚಳ ಲೋಹದ್ದೇ ಇರಬೇಕು, ತಳ ಅಗಲವಾಗಿರಬೇಕು.

ಬೆಂಕಿಯ ಅಲಂಕಾರ

ಇದೇ ಮದ್ಯಸಾರ ಈಗ ಹೊರದೇಶಗಳಲ್ಲಿ ಬೈಗೂಡಿನ ಅಲಂಕಾರವೂ ಆಗಿದೆ. ಚಳಿನಾಡುಗಳಲ್ಲಿ ಸೌದೆಯ ಅಗ್ಗಿಷ್ಟಿಕೆಯ ಬದಲು ಬಯೋಎಥನಾಲ್ ಉರಿಸುವ, ಹೊಗೆಗೊಳವೆಯೇ ಬೇಡದ ಅಗ್ಗಿಷ್ಟಿಕೆಗಳು ಬಂದಿವೆ. ಹೊಗೆ, ಬೂದಿ ಇಲ್ಲ. ನಿಗಾ ಮಾತ್ರ ಸ್ಪಿರಿಟ್ ದೀಪದ್ದೇ. ಉಕ್ಕಿನ ತೊಟ್ಟಿ ಪೂರ್ತಿ ತಣಿದ ಮೇಲೆ ತಳದ ಅಂಟನ್ನು ಸೋಪಿನ ನೀರಿನಿಂದ ಒರೆಸಿ ಒಣಗಿಸುವುದು, ಗುರುತಿನ ಗೆರೆ ಮೀರಿ ತುಂಬದಿರುವುದು, ಬಿಸಿ ಇರುವಾಗ ಸುರಿಯದಿರುವುದು. ಇಷ್ಟನ್ನು ಜನ ಮರೆತದ್ದರಿಂದ ಸುಟ್ಟಗಾಯಗಳು ಹೆಚ್ಚಿ, ಆಸ್ಟ್ರೇಲಿಯಾ 2017ರಲ್ಲಿ ಕಡ್ಡಾಯ ನಿಯಮವನ್ನೇ ತಂದಿತು. ಅದರ ಪ್ರಕಾರ ಅಲ್ಲಿ ಇಂಥ ಬಿಡಿ ಉಪಕರಣ ಕನಿಷ್ಠ 8 ಕಿಲೋ ತೂಗಬೇಕು, ಸುಲಭವಾಗಿ ಉರುಳದಂತೆ ಅದರ ತಳ 900 ಚದರ ಸೆಂಟಿಮೀಟರಿಗೆ ಕಡಿಮೆ ಇರಬಾರದು. ಶಾಲೆಯ ದೀಪ ತೂಗುವುದು ಕೆಲವೇ ನೂರು ಗ್ರಾಂ!

ಬಾಟಲಿ ಎಲ್ಲಿರಬೇಕು?

ಕಬ್ಬಿನ ಕಾಕಂಬಿಯಿಂದ ಮದ್ಯಸಾರ ತೆಗೆಯುವುದು ನಮ್ಮಲ್ಲಿ ಹೊಸತಲ್ಲ. ಸಕ್ಕರೆ ಕಾರ್ಖಾನೆಗಳ ನಾಡಿನವರಿಗೆ ಅದರ ವಾಸನೆಯೇ ಪರಿಚಿತ. ಆದರೆ ಉರಿಸಲು ಮಾರುವ ಸ್ಪಿರಿಟ್ಟನ್ನು ಕುಡಿಯಲಾಗದಂತೆ ಬೇಕೆಂದೇ ಕೆಡಿಸಿರುತ್ತಾರೆ, ಅದರಲ್ಲಿ ಮೆಥನಾಲ್ ಇರಬಹುದು. ಮೆಥನಾಲ್ ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಮೊದಲು ಕಣ್ಣಿನ ನರವನ್ನು ಹಿಡಿಯುತ್ತದೆ. 1981ರ ಜುಲೈನಲ್ಲಿ ಬೆಂಗಳೂರು ಮತ್ತು ಸುತ್ತಮುತ್ತ ಕಳ್ಳಭಟ್ಟಿಗೆ 300ಕ್ಕೂ ಹೆಚ್ಚು ಜನ ಬಲಿಯಾದದ್ದು ಇದೇ ಮೆಥನಾಲಿನಿಂದ. ತಂಪು ಪಾನೀಯದ ಹಳೆ ಬಾಟಲಿಗೆ ಸ್ಪಿರಿಟ್ ತುಂಬಿ ಮೇಜಿನ ಮೇಲಿಡುವುದು ಎಂಥ ಕೆಲಸವೆಂದು ಇದರ ಮೇಲೆ ಊಹಿಸಿಕೊಳ್ಳಬಹುದು. ಹೆಸರು ಬರೆದ ಬಾಟಲಿ, ಚಿಕ್ಕ ಮಕ್ಕಳ ಕೈಗೆಟುಕದ ಕಪಾಟು, ಅಡಿಗೆಮನೆಯಿಂದ ದೂರ. ಕೊಳ್ಳುವುದೂ ಒಮ್ಮೆಗೆ ನೂರಿನ್ನೂರು ಮಿಲಿಲೀಟರು ಸಾಕು. 2020ರಲ್ಲಿ ಮನೆಮನೆಗೆ ಬಂದ ಸ್ಯಾನಿಟೈಸರಿನಲ್ಲೂ ಮುಖ್ಯವಾಗಿ ಇರುವುದು ಮದ್ಯಸಾರವೇ ಆದ್ದರಿಂದ ಅದನ್ನು ಹಚ್ಚಿದ ಕೈ ಒಣಗುವ ಮೊದಲು ದೀಪದ ಬಳಿ ಹೋಗಬಾರದು.

ಇಷ್ಟಾಗಿಯೂ ಸ್ಪಿರಿಟ್ ಚೆಲ್ಲಿ ಹೊತ್ತಿಕೊಂಡರೆ ಒದ್ದೆ ಮಾಡಿದ ದಪ್ಪ ಹತ್ತಿ ಬಟ್ಟೆಯನ್ನು ಮೇಲೆ ಹಾಸಿ ಮುಚ್ಚಬೇಕು. ಪ್ರಯೋಗಕ್ಕೆ ಕೂರುವ ಮೊದಲೇ ಅಂಥದ್ದೊಂದು ಬಟ್ಟೆ ಪಕ್ಕದಲ್ಲಿರಲಿ. ಮದ್ಯಸಾರ ನೀರಿನಲ್ಲಿ ಬೆರೆಯುವುದರಿಂದ ಸೀಮೆಎಣ್ಣೆಯಂತೆ ನೀರಿನ ಮೇಲೆ ತೇಲಿ ಉರಿಯುವುದಿಲ್ಲ. ಆದರೆ ಅರ್ಧಕ್ಕರ್ಧ ನೀರು ಬೆರೆತ ಮೇಲೂ ಅದು ಉರಿಯಬಲ್ಲದು, ಆದ್ದರಿಂದ ಚೊಂಬು ನೀರು ಎರಚಿದರೆ ಬೆಂಕಿ ಹರಡುವುದೇ ಹೆಚ್ಚು. ಬಟ್ಟೆಗೆ ಹೊತ್ತಿಕೊಂಡವರು ಓಡಬಾರದು. ನೆಲಕ್ಕೆ ಬಿದ್ದು ಉರುಳಬೇಕು, ಕಂಬಳಿ ಹೊದಿಸಬೇಕು. ಸುಟ್ಟ ಜಾಗವನ್ನು 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಬೇಕು. ಟೂತ್‌ಪೇಸ್ಟ್, ಇಂಕು, ಬೆಣ್ಣೆ ಯಾವುದೂ ಬೇಡ. ನಂತರ ಶುಭ್ರವಾದ ಬಟ್ಟೆ ಹೊದಿಸಿ ವೈದ್ಯರ ಬಳಿಗೆ ಕರೆದೊಯ್ಯಬೇಕು.